ವಾರಗಿತ್ತಿಯರ ನಕ್ಷೆ

ಹಿರಿಸೊಸೆ ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿದ್ದಳು. ಊರಿನ ಕೊಳವೆಗಳು ಎಲ್ಲೆಲ್ಲಿ ಹಾದುಹೋಗಿವೆ, ಯಾವ ವಾಲ್ವ್ ಯಾವ ಬೀದಿಗೆ ನೀರು ಬಿಡುತ್ತದೆ ಎಂಬುದನ್ನೆಲ್ಲ ಬಿಸಿಲಲ್ಲಿ ಅಲೆದು, ಚರಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ಬಂದವಳು ಅವಳೇ. ವರ್ಷಗಳ ಕೆಲಸ. ಆ ನಕ್ಷೆಯನ್ನು ಯಾರಾದರೂ ತೆರೆದು ನೋಡುತ್ತಿದ್ದುದು ಎಲ್ಲಾದರೂ ಕೊಳವೆ ಒಡೆದಾಗ ಮಾತ್ರ.

ಆಮೇಲೆ ಮೈದುನನ ಮದುವೆಯಾಯಿತು. ಬಂದ ವಾರಗಿತ್ತಿ ಅದೇ ಕಚೇರಿಯ ಕಂಪ್ಯೂಟರ್ ವಿಭಾಗ ಸೇರಿದಳು. ಹಿರಿಯವಳ ನಕ್ಷೆಗೆ ಬಣ್ಣ ತುಂಬಿ ಡ್ಯಾಶ್‌ಬೋರ್ಡ್ ಮಾಡಿದಳು. ನೀರಿಗೆ ತೊಂದರೆಯಿದ್ದ ಬಡಾವಣೆ ಕೆಂಪು, ಇಲ್ಲದ್ದು ಹಸಿರು. ಟ್ಯಾಂಕರ್ ಎತ್ತ ಹೋಗಬೇಕೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಗೋಡೆ ತುಂಬುವ ಪರದೆಯ ಮುಂದೆ ಅವಳನ್ನು ನಿಲ್ಲಿಸಿ ಮುಖ್ಯ ಎಂಜಿನಿಯರ್ ಪತ್ರಿಕೆಯವರಿಗೆ ಪರಿಚಯಿಸಿದರು.

ಮನೆಯಲ್ಲಿ ಅತ್ತೆ ಬಂದವರಿಗೆಲ್ಲ, “ನಮ್ಮ ಚಿಕ್ಕವಳು ಇಡೀ ಊರಿಗೇ ನೀರು ಕುಡಿಸ್ತಾಳೆ,” ಎನ್ನತೊಡಗಿದರು.

“ಹೌದು, ನನಗೂ ಕುಡಿಸಿದಾಳೆ,” ಎಂದು ಹಿರಿಸೊಸೆ ತೊಳೆಯುತ್ತಿದ್ದ ಪಾತ್ರೆಗಳಿಗೆ ಹೇಳಿಕೊಂಡಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆ ಮನೆಯಲ್ಲಿ ಕೊತ್ತಿ ಇರಲಿಲ್ಲ, ಗಂಡ ಇದ್ದ. “ಅಡಿಯಲ್ಲಿರೋ ನಕ್ಷೆ ನಂದು ಅಂತ ನೀನೇ ಹೇಳ್ಬೋದಿತ್ತಲ್ಲ,” ಎಂದು ಅವನು ಕೇಳಿದ್ದೇ ತಪ್ಪಾಯಿತು. ಎರಡು ದಿನ ಅವನೊಡನೆ ಮಾತಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಹುಳುಕಿತ್ತು. ಅದು ಮೊದಲು ಕಂಡದ್ದೂ ಅವಳಿಗೇ. ಬಣ್ಣ ಬದಲಾಗುತ್ತಿದ್ದುದು ಜನ ಮೊಬೈಲಿನಲ್ಲಿ ಕೊಡುವ ದೂರುಗಳ ಮೇಲೆ. ಇಟ್ಟಿಗೆ ಗೂಡುಗಳ ಹಿಂದಿನ ದಿಬ್ಬದವರು ದೂರು ಕೊಟ್ಟು ಕೊಟ್ಟು ಸೋತು ಸುಮ್ಮನಾಗಿದ್ದರು. ದೂರಿಲ್ಲದ ಮೇಲೆ ದಿಬ್ಬ ಹಸಿರು. ಅಲ್ಲಿಗೆ ಕೊಳವೆ ಇದ್ದರೂ ನೀರು ಏರುವುದಿಲ್ಲವೆಂದು ಗೊತ್ತಿದ್ದ ಹಿರಿಸೊಸೆ ಬಾಯಿ ಬಿಡಲಿಲ್ಲ. ಬೀಳಲಿ, ಎಲ್ಲರೆದುರೇ ಬೀಳಲಿ ಎಂದುಕೊಂಡಳು. ಚಿಕ್ಕವಳು ಬೀಳಲಿಲ್ಲ. ದಿಬ್ಬಕ್ಕೆ ಆಗೀಗ ಹೋಗುತ್ತಿದ್ದ ಟ್ಯಾಂಕರ್ ನಿಂತುಹೋಯಿತು, ಅಷ್ಟೇ.

ಬೇಸಿಗೆ ಬಲಿತಾಗ ಒಂದು ವಾಲ್ವ್ ನೋಡಲು ಹಿರಿಯವಳು ದಿಬ್ಬಕ್ಕೇ ಹೋಗಬೇಕಾಯಿತು. ಬೀದಿಯಲ್ಲಿ ಖಾಲಿ ಕೊಡಗಳ ಸಾಲು. ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ನೋಡಿ ಒಬ್ಬ ಹೆಂಗಸು ಕೇಳಿದಳು:

“ನಮ್ಮ ಜಾಗ ನಿಮ್ಮ ನಕ್ಷೆಯಲ್ಲಿ ಹಸಿರಂತೆ. ಹಸಿರು ಅಂದ್ರೇನಮ್ಮ?”

“ನೀರಿದೆ ಅಂತ.”

ಹೆಂಗಸು ನಕ್ಕಳು. ಪಕ್ಕದವಳನ್ನು ಕರೆದು, “ಇವರ ಬಾಯಲ್ಲೇ ಕೇಳು,” ಎಂದಳು. ಇಬ್ಬರೂ ನಕ್ಕರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಸಂಜೆ ಅವಳು ನೇರವಾಗಿ ಕಚೇರಿಯಲ್ಲಿ ಚಿಕ್ಕವಳ ಕೋಣೆಗೆ ಹೋಗಿ ದಿಬ್ಬದ ವಿಷಯ ಹೇಳಿದಳು.

ಚಿಕ್ಕವಳು ವಾದಿಸಲಿಲ್ಲ. “ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ?”

“ಪರದೆ ಹಾಕಿದ ದಿನವೇ.”

ಚಿಕ್ಕವಳು ಕಂಪ್ಯೂಟರ್ ಬಿಟ್ಟು ಅವಳತ್ತ ತಿರುಗಿದಳು. “ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಬೇಕಿತ್ತು. ಅವರೇನು ಮಾಡಿದ್ರು?”

ಹಿರಿಯವಳು ಕುರ್ಚಿ ಎಳೆದುಕೊಂಡು ಕೂತು, ನೀರು ಏರದ ಜಾಗಗಳನ್ನೆಲ್ಲ ಒಂದೊಂದಾಗಿ ತೋರಿಸಿದಳು. ಆ ವಾರ ಡ್ಯಾಶ್‌ಬೋರ್ಡಿಗೆ ದೂರಿನ ಜೊತೆ ಕೊಳವೆಯ ಒತ್ತಡದ ಲೆಕ್ಕವೂ ಸೇರಿತು. ದಿಬ್ಬ ಕೆಂಪಾಯಿತು, ಟ್ಯಾಂಕರ್ ಹೊರಟಿತು.

ಸಭೆಯಲ್ಲಿ ಚಿಕ್ಕವಳು ಎದ್ದು ನಿಂತು, “ತಪ್ಪು ನನ್ನದು. ಹಿಡಿದಿದ್ದು ಅಕ್ಕ. ಕೆಳಗಿರೋ ನಕ್ಷೆಯೂ ಅವರದ್ದೇ,” ಎಂದಳು. ಅಕ್ಕ ಯಾಕೆ ತಡಮಾಡಿದಳೆಂಬುದನ್ನು ಹೇಳಲಿಲ್ಲ.

ಮುಖ್ಯ ಎಂಜಿನಿಯರ್ ಹಿರಿಯವಳತ್ತ ತಲೆಯಾಡಿಸಿ, ಚಿಕ್ಕವಳಿಗೆ ಹೇಳಿದರು: “ತಪ್ಪು ಒಪ್ಪಿಕೊಳ್ಳೋದಕ್ಕೂ ದೊಡ್ಡ ಮನಸ್ಸು ಬೇಕಮ್ಮ.” ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಸೊಸೆಯೂ ತಟ್ಟಿದಳು. ತಪ್ಪು ಮಾಡಿಯೂ ಹೊಗಳಿಸಿಕೊಳ್ಳುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು. ತನ್ನನ್ನು ಕಾಪಾಡಿದ್ದಕ್ಕೆ ಇನ್ನೂ ಹೆಚ್ಚು ಉರಿಯಿತು.

ಮರುವಾರ ಚಿಕ್ಕವಳು, “ನಾನೂ ಬರ್ತೀನಿ, ಬೀದಿ ಕೆಲಸ ಕಲಿಸಿ,” ಎಂದು ಬೆನ್ನು ಹತ್ತಿದಳು. ಏರು ದಾರಿಯಲ್ಲಿ ಅವಳಿಗೆ ಏದುಸಿರು ಬಂತು. ಹಿರಿಯವಳು ಬೇಕೆಂದೇ ಬಿರುಸಾಗಿ ನಡೆದಳು. ಅಷ್ಟು ಸುಖ ತನಗೂ ಸಲ್ಲಬೇಕು ಅನ್ನಿಸಿತು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಚಿಕ್ಕವಳು ಸೊಂಟ ಹಿಡಿದು ನಿಂತಿದ್ದಳು. ಹಿರಿಯವಳು ಒಂದು ಮನೆಯ ಜಗಲಿಯ ಮೇಲೆ ಕೂತು, ಅವಳು ಬರಲೆಂದು ಕಾದಳು.