ಗಾಡಿಯ ಬೆನ್ನಿಗೆ ಕಟ್ಟಿದ ಮುಖ

"ಇದ್ರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೆ, ತಮ್ಮಾ, ಈ ಗಾಡಿ ಮುಂದಿನ ಚಕ್ರ ಇಲ್ಲೇ ಕಳಚ್ಕೊಂಡು ಹೋಗ್ಲಿ," ಅಂದ ಗಾಡಿ ಓಡಿಸುತ್ತಿದ್ದ ಚರೂನ್.

ತುಕ್‌ತುಕ್ ಎಂಬ ಮೂರು ಚಕ್ರದ ಆಟೋಗೆ ಮುಂದೆ ಇರುವುದೇ ಒಂದು ಚಕ್ರ. ಹಿಂದಿನ ಸೀಟಿನಲ್ಲಿ ಕೂತಿದ್ದ ತನ್‌ವಾ ಪಕ್ಕದ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಅವನ ಮೂಗು ಬಾಯಿಗೆ ಕಪ್ಪು ಮಾಸ್ಕು, ಹುಬ್ಬಿನ ತನಕ ಎಳೆದುಕೊಂಡ ಟೋಪಿ. ಅವನ ಬೆನ್ನ ಹಿಂದೆ, ಗಾಡಿಯ ಹಿಂಭಾಗಕ್ಕೆ ಕಟ್ಟಿದ್ದ ಫ್ಲೆಕ್ಸಿನಲ್ಲಿ, ಅವನದೇ ಮುಖ ಹಿಂದೆ ಬರುತ್ತಿದ್ದ ಬಸ್ಸುಗಳನ್ನು ನೋಡಿ ನಗುತ್ತಿತ್ತು. ಮುಖದ ಕೆಳಗೆ ದಪ್ಪ ಅಕ್ಷರ: 'ಹುಟ್ಟುಹಬ್ಬದ ಶುಭಾಶಯ, ನಮ್ಮ ತನ್‌ವಾ. ಎಂದೆಂದಿಗೂ ನಿನ್ನ ಜೊತೆ.'

"ನಖೋನ್ ಸವನ್ ಊರಲ್ಲಿ ಈ ಹುಡುಗ ಹಾಡಿದ ದಿನ ನಾನೇ ಇದ್ದೆ," ಚರೂನ್ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. "ನದಿಯಲ್ಲಿರೋ ಮೀನೆಲ್ಲ ದಡಕ್ಕೆ ಬಂದು ಬಾಯಿ ಬಿಟ್ಕೊಂಡು ನಿಂತ್ವು. ನನ್ನ ಭಾವಮೈದ ಬುಟ್ಟಿ ತಗೊಂಡು ಓಡಿದ. ಬಲೆ ಬೇಡ, ಗಾಳ ಬೇಡ, ಸುಮ್ನೆ ಬಾಚ್ಕೊಂಡ್ರೆ ಆಯ್ತು. ಆದ್ರೆ ಅವನಿಗೆ ಮನಸ್ಸೇ ಬರ್ಲಿಲ್ಲ. ಎಲ್ಲಾ ಮೀನೂ ಅಳ್ತಾ ಇದ್ವು."

"ನೀರೊಳಗಿನ ಮೀನು ಅಳ್ತಿದೆ ಅಂತ ಹೆಂಗೆ ಗೊತ್ತಾಯ್ತು ಮಾಮ?"

"ಮೂಗು ಸುರೀತಿತ್ತು."

ತನ್‌ವಾ ನಖೋನ್ ಸವನ್ನಲ್ಲಿ ಒಂದೇ ಸಲ ಹಾಡಿದ್ದು. ಎರಡನೇ ಹಾಡಿಗೆ ಕರೆಂಟು ಹೋಗಿತ್ತು. ಆದರೂ ಮೀನಿನ ಕತೆ ಕೇಳುವಾಗ ಎದೆಯೊಳಗೆ ಏನೋ ಬೆಚ್ಚಗಾಯಿತು. ತಾನು ಕೇಳಬಾರದು ಅಂತ ಗೊತ್ತಿದ್ದೂ ಕೇಳಿಬಿಟ್ಟ: "ಅಷ್ಟು ದೊಡ್ಡ ಹಾಡುಗಾರನಾ ಇವನು?"

"ಯಾರಿಗ್ಗೊತ್ತು? ಹೋದ ತಿಂಗಳು ಇದೇ ಜಾಗದಲ್ಲಿ ಇನ್ನೊಬ್ಬನ ಮುಖ ಇತ್ತು. ಅವನು ಹಾಡಿದಾಗಲೂ ಇದೇ ಮೀನು ಬಂದಿದ್ವು." ಚರೂನ್ ಕನ್ನಡಿಗೆ ಕಟ್ಟಿದ್ದ ಮಲ್ಲಿಗೆ ಸರ ಸರಿಮಾಡಿದ. "ಗಾಡಿಗೆ ಹತ್ತಿದೋರು ಹಿಂದಿರೋ ಮುಖ ನೋಡಿ ಯಾರಿದು ಅಂತಾರೆ. ಅಭಿಮಾನಿ ಹುಡುಗೀರು ಪಾಪ ಆಸೆ ಪಟ್ಟು ಹಾಕ್ಸಿರ್ತಾರೆ. ಗೊತ್ತಿಲ್ಲ ಅಂದ್ರೆ ಚೆನ್ನಾಗಿರುತ್ತಾ?"

ಬೆಚ್ಚಗಾಗಿದ್ದು ಅಲ್ಲೇ ತಣ್ಣಗಾಯಿತು. ಯಾಕೆಂದರೆ ಈ ಫ್ಲೆಕ್ಸನ್ನು ಯಾವ ಹುಡುಗಿಯೂ ಹಾಕಿಸಿರಲಿಲ್ಲ. ಇದನ್ನೂ, ಇದರಂಥ ಇನ್ನೇಳು ಗಾಡಿಯ ಫ್ಲೆಕ್ಸನ್ನೂ ಹಾಕಿಸಿದ್ದು ಸ್ವತಃ ತನ್‌ವಾ.

ಅದರ ಹಿಂದೆ ನಿಪಾ ಅಕ್ಕನ ಮಾತಿತ್ತು. ನಿಪಾ ಅಕ್ಕ ಕಂಪನಿಯಲ್ಲಿ ಅವನ ಕೆಲಸ ನೋಡಿಕೊಳ್ಳುವವಳು. ಹಿಂದೆ ಅವನಿದ್ದ ಐವರ ತಂಡವನ್ನು ಮತ್ತೆ ವೇದಿಕೆಗೆ ತರುವ ಮಾತು ಎದ್ದಿತ್ತು. ನಾಲ್ವರ ಹೆಸರು ಕೂಡಲೇ ಪಾಸಾಯಿತು. ಒಬ್ಬ ಧಾರಾವಾಹಿಯಲ್ಲಿದ್ದ, ಒಬ್ಬ ಅಡಿಗೆ ಕಾರ್ಯಕ್ರಮ ನಡೆಸುತ್ತಿದ್ದ, ಉಳಿದಿಬ್ಬರು ಹೇಗೋ ಸುದ್ದಿಯಲ್ಲಿದ್ದರು. ತನ್‌ವಾ ಮಾತ್ರ ಬರೀ ಹಾಡುತ್ತಿದ್ದ.

"ನಿನ್ನ ಹಾಡು ಚೆನ್ನಾಗಿಲ್ಲ ಅಂತ ಯಾರೂ ಹೇಳ್ತಿಲ್ಲಪ್ಪ," ಅಂದಿದ್ದಳು ನಿಪಾ ಅಕ್ಕ. "ಈಗಿನ ಹುಡುಗ್ರು ಹದಿನೆಂಟಕ್ಕೆ ಬರ್ತಾರೆ, ಇಪ್ಪತ್ತೈದಕ್ಕೆ ಹಳಬರಾಗ್ತಾರೆ. ನಿಂಗೆ ಮೂವತ್ತೊಂದು. ಹುಟ್ಟಿದಬ್ಬಕ್ಕೆ ಜನ ಏನಾದ್ರೂ ಮಾಡ್ತಾರಾ ನೋಡ್ತೀವಿ ಅಂತ ಮೇಲಿನೋರು ಹೇಳಿದಾರೆ. ಏನಾದ್ರೂ ಕಾಣಿಸಿದ್ರೆ ನಾನು ನಿನ್ನ ಪರ ಬಾಯಿ ಬಿಡಬಹುದು. ಏನೂ ಇಲ್ದೆ ಏನಂತ ಮಾತಾಡ್ಲಿ?"

ಏನೂ ಕಾಣಿಸುವ ಲಕ್ಷಣ ಇರಲಿಲ್ಲ. ಅಭಿಮಾನಿಗಳ ಒಂದೊಂದು ಗುಂಪಿಗೂ 'ಮನೆ' ಅನ್ನುತ್ತಾರೆ. ಒಂದು ಕಾಲಕ್ಕೆ ತನ್‌ವಾನ ಹೆಸರಿನಲ್ಲಿ ಊರೂರಿಗೆ ಮನೆಗಳಿದ್ದವು. ಒಂದೊಂದೇ ಬಾಗಿಲು ಹಾಕಿಕೊಂಡವು. ಅಲ್ಲಿದ್ದ ಹುಡುಗಿಯರು ಮದುವೆಯಾದರು, ಇಲ್ಲವೇ ಹೊಸ ಹುಡುಗರ ಮನೆ ಸೇರಿದರು. ಹಾಗಾಗಿ ಅವನೇ ಫೋನಿನಲ್ಲಿ ಒಂದು ಸುಳ್ಳು ಹೆಸರು ಇಟ್ಟುಕೊಂಡು 'ಉತ್ತರ ಸೀಮೆಯ ತನ್‌ವಾ ಮನೆ' ಕಟ್ಟಿದ. ಆ ಮನೆಯಲ್ಲಿ ಇದ್ದವನು ಅವನೊಬ್ಬನೇ. ಫ್ಲೆಕ್ಸ್ ಅಂಗಡಿಯವರೇ ಗಾಡಿಗಳನ್ನೂ ಗೊತ್ತುಮಾಡಿ ಕಟ್ಟಿಸಿದರು.

ಇನ್ನು ಉಳಿದಿದ್ದು ಒಂದು ಶಾಸ್ತ್ರ. ಹುಟ್ಟುಹಬ್ಬದ ಫ್ಲೆಕ್ಸ್ ಹಾಕಿಸಿದರೆ ಹಾಡುಗಾರ ಅದರ ಮುಂದೆ ಬಂದು ನಿಂತು, ಕೈಮುಗಿದು, ಫೋಟೋ ತೆಗೆಸಿಕೊಳ್ಳಬೇಕು. ಆ ಫೋಟೋ ಊಟದ ಹೊತ್ತಿಗೆ ಮೇಲಿನವರ ಕೈ ಸೇರಬೇಕಿತ್ತು. ನಿಪಾ ಅಕ್ಕ ಮಾಲ್ ಮುಂದಿನ ಗಾಡಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ತನ್ನದೇ ಮುಖದ ಗಾಡಿಯಲ್ಲಿ ಬಂದಿಳಿದರೆ ನೋಡಲು ಚೆನ್ನಾಗಿರುತ್ತದೆ ಅಂತ ಅವಳೇ ಹೇಳಿದ್ದಳು.

"ನಮ್ಮ ಕಾಲದ ಹಾಡುಗಾರರು," ಚರೂನ್ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ, "ಹಲ್ಲು ಉದುರೋ ತನಕ ಹಾಡ್ತಿದ್ರು. ಹಲ್ಲು ಉದುರಿದ ಮೇಲೂ ಹಾಡ್ತಿದ್ರು, ಪದ ಗೊತ್ತಾಗ್ತಿರ್ಲಿಲ್ಲ, ನಾವೇ ತುಂಬ್ಕೋತಿದ್ವಿ. ಇವ್ರು ನೋಡು, ತಿಂಗಳಿಗೊಂದು ಮುಖ. ಬಿಚ್ಚಿದ್ ಫ್ಲೆಕ್ಸು ನಮ್ಮನೇಲಿ ರಾಶಿ ಬಿದ್ದಿದೆ. ನನ್ನ ಹೆಂಡ್ತಿ ಕೋಳಿಗೂಡಿಗೆ ಹೊದಿಸ್ತಾಳೆ. ನಮ್ಮ ಕೋಳಿಗಳಿಗೆ ಗೊತ್ತಿರೋಷ್ಟು ಹಾಡುಗಾರರು ರೇಡಿಯೋದೋರಿಗೆ ಗೊತ್ತಿಲ್ಲ."

"ಇವನನ್ನೂ ಹೊದಿಸ್ತೀರಾ?"

"ಇವನ್ನ ಹೊದ್ಸೋಕಾಗಲ್ಲ. ಒಬ್ಬಳು ಕೇಳಿಟ್ಟಿದಾಳೆ."

"ಯಾರು?"

ದೀಪ ಹಸಿರಾಯಿತು. ಚರೂನ್ ಗಾಡಿ ಎಬ್ಬಿಸಿದ. ಎರಡು ಬಸ್ಸುಗಳ ನಡುವೆ ತೂರಿ ಆಚೆ ಬಂದ ಮೇಲೆ ಮಾತು ಮುಂದುವರಿಸಿದ.

"ನಮ್ಮ ಸ್ಟ್ಯಾಂಡ್ ಹತ್ರ ತೆಂಗಿನ ಹಾಲಿನ ಪಡ್ಡು ಮಾರ್ತಾಳೆ. ವಿಲೈ ಅಂತ. ಫ್ಲೆಕ್ಸ್ ಕಟ್ಟಿದ ದಿನವೇ ಬಂದು ಎದುರಿಗೆ ನಿಂತ್ಲು. ಯಾರು ಹಾಕ್ಸಿದ್ದು ಅಂದ್ಲು. ಉತ್ತರದ ಕಡೆ ಯಾವ್ದೋ ಮನೆಯಂತೆ ಅಂದೆ. ಅಂಥ ಮನೆ ಇಲ್ಲ, ಇವನ ಮನೆಗಳೆಲ್ಲ ನಂಗೊತ್ತು ಅಂದ್ಲು. ಆಮೇಲೆ ಮುಖ ಹತ್ರ ತಗೊಂಡು ಹೋಗಿ ಫೋಟೋ ನೋಡಿದ್ಲು. ನೋಡೇ ನೋಡಿದ್ಲು. ಪಡ್ಡು ಕಾವಲಿ ಮೇಲೆ ಸೀದು ಹೊಗೆ ಬರ್ತಿತ್ತು, ತಿರುಗ್ಲೇ ಇಲ್ಲ."

ತನ್‌ವಾ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

ಆ ಫೋಟೋ ಆರಿಸಿದ್ದೇ ತಪ್ಪಾಗಿತ್ತು. ತಂಡದ ಮೊದಲ ಹಾಡು ಗೆದ್ದ ಸಂಜೆ, ಅಭ್ಯಾಸದ ಕೋಣೆಯ ಕನ್ನಡಿಯ ಮುಂದೆ ತಾನೇ ತೆಗೆದುಕೊಂಡದ್ದು ಅದು. ಒದ್ದೆ ಕೂದಲು, ಕುತ್ತಿಗೆಗೆ ಟವಲು, ಸೊಟ್ಟ ಹಲ್ಲು ಪೂರ್ತಿ ಕಾಣುವ ನಗು. ಆ ಹಲ್ಲನ್ನು ಆಮೇಲೆ ಕಂಪನಿ ನೆಟ್ಟಗೆ ಮಾಡಿಸಿತ್ತು. ಅಷ್ಟು ಚೆನ್ನಾಗಿ ಅವನು ಮತ್ತೆಂದೂ ನಕ್ಕಿರಲಿಲ್ಲವಾದ್ದರಿಂದ ಅದನ್ನೇ ಕಳಿಸಿದ್ದ. ಅಭಿಮಾನಿಗಳಿಗೆ ತಮ್ಮ ಹಾಡುಗಾರನ ಒಂದೊಂದು ಫೋಟೋದ ಜಾತಕವೂ ಗೊತ್ತಿರುತ್ತದೆ, ಯಾವ ದಿನ, ಯಾರು ತೆಗೆದದ್ದು, ಯಾವ ಮನೆಯದು ಅಂತ. ಈ ಫೋಟೋಗೆ ಮನೆಯೇ ಇರಲಿಲ್ಲ. ಅದು ಇದ್ದದ್ದು ಅವನ ಫೋನಿನಲ್ಲಿ ಮಾತ್ರ.

ನಿನ್ನೆ ಯಾರೋ ಹುಡುಗಿ ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವಂತೆ ಕೇಳಿದ್ದಳು, ಈ ಫೋಟೋ ಎಲ್ಲಿಂದ ಬಂತು ಅಂತ. ಇನ್ನೊಬ್ಬಳು ಕೆಳಗೆ ಬರೆದಿದ್ದಳು: 'ಪಾಪ, ತನಗೆ ತಾನೇ ಹುಟ್ಟಿದಬ್ಬ ಮಾಡ್ಕೊಂಡಿರಬೇಕು.' ಅದರ ಕೆಳಗೆ ಸಾಲು ಸಾಲು ನಗು. ತನ್‌ವಾ ಹಾಸಿಗೆಯಲ್ಲಿ ಫೋನು ಬೋರಲು ಹಾಕಿ, ಮತ್ತೆ ಎತ್ತಿ, ಮತ್ತೆ ಬೋರಲು ಹಾಕಿ ಬೆಳಗು ಮಾಡಿದ್ದ. ಬೆಳಿಗ್ಗೆ ನೋಡಿದರೆ ಚೆಂಡುಹೂವಿನ ಚಿತ್ರ ಹಾಕಿಕೊಂಡ ಯಾರೋ ಉತ್ತರ ಕೊಟ್ಟಿದ್ದರು: 'ಅದು ನನ್ನ ಹತ್ತಿರ ಇದ್ದ ಫೋಟೋ. ನಾನೇ ಹಾಕಿಸಿದ್ದು. ನಗುವವರು ನನ್ನನ್ನು ನೋಡಿ ನಗಿ.' ಬೀಸೋ ದೊಣ್ಣೆ ತಪ್ಪಿತು ಅಂತ ಮುಖ ತೊಳೆದುಕೊಂಡಿದ್ದ. ಅದು ಯಾರಿರಬಹುದು ಅಂತ ಯೋಚನೆ ಕೂಡ ಮಾಡಿರಲಿಲ್ಲ.

"ಆಮೇಲೆ?" ಅಂದ. ಚರೂನ್‌ಗೆ ಕೇಳಿಸಲೆಂದು ಮುಂದಕ್ಕೆ ಬಾಗಿದ.

"ಆಮೇಲೆ ನನ್ನ ಕರ್ದು, ಯಾರಾದ್ರೂ ಹುಡುಗೀರು ಬಂದು ಕೇಳಿದ್ರೆ ವಿಲೈ ಹಾಕ್ಸಿದ್ಲು ಅನ್ನಿ ಅಂದ್ಲು. ನೀನು ಹಾಕ್ಸಿಲ್ವಲ್ಲಮ್ಮ ಅಂದೆ. ಹಾಕ್ಸಿದೋರ ಮರ್ಯಾದೆ ಹೋಗ್ಬಾರ್ದು ಅಂದ್ಲು. ಯಾರ ಮರ್ಯಾದೆ ಅಂತ ಕೇಳೋಕೆ ಬಾಯಿ ತೆಗೆದೆ, ಪಡ್ಡು ತುರುಕಿಬಿಟ್ಲು. ಸುಡುಸುಡು ಪಡ್ಡು. ನಾಲಿಗೆ ಇನ್ನೂ ಉರೀತಿದೆ."

ಈ ಸಲ ಚರೂನ್ ಚಕ್ರದ ಮೇಲೆ ಆಣೆ ಹಾಕಲಿಲ್ಲ. ತನ್‌ವಾನಿಗೆ ಅದು ತಕ್ಷಣ ಗೊತ್ತಾಯಿತು. ಆಣೆ ಇಲ್ಲದ್ದಕ್ಕೇ ಇದು ನಿಜ ಅನ್ನಿಸಿತು.

ವಿಲೈ ಅಕ್ಕ ಅವನಿಗೆ ಗೊತ್ತಿಲ್ಲದವಳಲ್ಲ. ತಂಡದ ಮೊದಲ ಕಾರ್ಯಕ್ರಮದಿಂದಲೂ ಬಾಳೆಲೆಯಲ್ಲಿ ಪಡ್ಡು ಕಟ್ಟಿಕೊಂಡು ಬರುತ್ತಿದ್ದವಳು. ಅವನ ಹೆಸರಿನ ದೀಪದ ಹಲಗೆ ಎತ್ತಿ ಹಿಡಿದು ತೋಳು ನೋಯಿಸಿಕೊಳ್ಳುತ್ತಿದ್ದವಳು. ಎರಡು ವರ್ಷದ ಹಿಂದೆ ಒಂದು ಅಂಗಡಿಯ ಉದ್ಘಾಟನೆಯಲ್ಲಿ ಅವಳು ಮುಂದಿನ ಸಾಲಿನ ನಟ್ಟನಡುವೆ ಕೂತಿದ್ದಳು. ತನ್‌ವಾ ವೇದಿಕೆಯ ಬದಿಯಿಂದ ಇಣುಕಿ, ಅಲ್ಲಿದ್ದ ಹುಡುಗನ ಕಿವಿಯಲ್ಲಿ ಅಂದಿದ್ದ: "ಆ ಆಂಟೀನ ಸ್ವಲ್ಪ ಹಿಂದೆ ಕೂರ್ಸಿಬಿಡಿ. ಫೋಟೋದಲ್ಲಿ ವಯಸ್ಸಾದೋರೇ ಕಾಣ್ತಾರೆ." ಹುಡುಗ ಹೋಗಿ ಹೇಳಿದ ತಕ್ಷಣ ಅವಳು ಎದ್ದಳು. ತಾನು ಅಡ್ಡ ಕೂತದ್ದಕ್ಕೆ ಆ ಹುಡುಗನಿಗೇ ಕೈಮುಗಿದು ಹಿಂದೆ ಹೋದಳು. ಪಡ್ಡಿನ ಕಟ್ಟು ಮಾತ್ರ ಎಂದಿನಂತೆ ಒಳಗೆ ಬಂದಿತ್ತು. ತನ್‌ವಾ ಅದರಲ್ಲಿ ಅರ್ಧ ತಿಂದಿದ್ದ, ಮೆಕ್ಕೆಜೋಳದ ಕಾಳು ಹಾಕಿದ್ದನ್ನು ಆರಿಸಿ ಆರಿಸಿ.

"ಅವಳು ಅಲ್ಲಿಗೇ ಬಿಟ್ಟಿಲ್ಲ ತಮ್ಮಾ," ಅಂದ ಚರೂನ್. "ಸ್ಟ್ಯಾಂಡಿನಲ್ಲಿ ಎಂಟು ಗಾಡೀಲೂ ಇವನ ಮುಖ ಇದೆ. ಧೂಳು, ಹೊಗೆ. ದಿನಾ ವ್ಯಾಪಾರಕ್ಕೆ ಮುಂಚೆ ಒದ್ದೆ ಬಟ್ಟೆ ತಗೊಂಡು ಎಲ್ಲಾ ಗಾಡಿ ಮುಖ ತೊಳೀತಾಳೆ. ನನ್ನ ಮುಖ ನನ್ನ ಹೆಂಡ್ತಿ ಮದ್ವೆ ದಿನವೂ ಹಂಗೆ ಒರೆಸಿಲ್ಲ."

ಗಾಡಿ ಮಾಲಿನ ಮುಂದಕ್ಕೆ ತಿರುಗಿತು. ಸ್ಟ್ಯಾಂಡಿನಲ್ಲಿ ಗಾಡಿಗಳು ಬೆನ್ನು ಹೊರಗೆ ಮಾಡಿ ನಿಂತಿದ್ದವು. ಒಂದೇ ಮುಖ, ಒಂದೇ ಸೊಟ್ಟ ಹಲ್ಲು, ಒಂದರ ಪಕ್ಕ ಒಂದು. ನಿಪಾ ಅಕ್ಕ ಫೋನು ಎತ್ತಿ ಹಿಡಿದು ಬೆಳಕು ನೋಡುತ್ತಿದ್ದಳು. ಬಾಡಿಗೆಗೋ ಕರೆದೋ ತಂದ ನಾಲ್ಕು ಹುಡುಗಿಯರು ಬಲೂನು ಹಿಡಿದು ಬಿಸಿಲಲ್ಲಿ ಆಕಳಿಸುತ್ತಿದ್ದರು. ಕೊನೆಯ ಗಾಡಿಯ ಹಿಂದೆ ಏಪ್ರನ್ ಕಟ್ಟಿದ ಒಬ್ಬ ಹೆಂಗಸು ತುದಿಗಾಲಲ್ಲಿ ನಿಂತು ಫ್ಲೆಕ್ಸಿನ ಹಣೆ ಒರೆಸುತ್ತಿದ್ದಳು.

"ಅಮ್ಮಾ, ಸ್ವಲ್ಪ ಆ ಕಡೆ ಹೋಗ್ತೀರಾ?" ನಿಪಾ ಅಕ್ಕನ ದನಿ ಗಾಡಿಯೊಳಕ್ಕೂ ಕೇಳಿಸಿತು. "ಅವ್ರು ಈಗ ಬರ್ತಾರೆ. ಫೋಟೋಗೆ ಅಡ್ಡ ಆಗುತ್ತೆ. ನಿಮ್ಮ ಗಾಡೀನೂ ತಳ್ಕೊಂಡು ಹೋಗಿ, ಹೊಗೆ ಬರ್ತಿದೆ."

"ಅಯ್ಯೋ, ಹೌದಲ್ವಾ, ಹೋದೆ ಹೋದೆ," ಅಂದಳು ವಿಲೈ. ಒದ್ದೆ ಬಟ್ಟೆ ಎರಡೂ ಕೈಯಲ್ಲಿ ಹಿಡಿದೇ ನಿಪಾ ಅಕ್ಕನಿಗೆ ಕೈಮುಗಿದಳು. "ಆ ಕಿವಿ ಹತ್ರ ಒಂಚೂರು ಧೂಳು ಉಳೀತು. ಫೋಟೋದಲ್ಲಿ ಕಾಣುತ್ತೇನೋ." ಪಡ್ಡಿನ ಗಾಡಿ ತಳ್ಳಿಕೊಂಡು ಮರದ ಮರೆಗೆ ಸರಿದಳು.

ಚರೂನ್ ಗಾಡಿ ನಿಲ್ಲಿಸಿದ. ನಿಪಾ ಅಕ್ಕ ಗುರುತು ಹಿಡಿದು ಕೈ ಬೀಸಿದಳು, ಮಾಸ್ಕು ತೆಗೆ ಅಂತ ಸನ್ನೆ ಮಾಡಿದಳು, ಕೈಗಡಿಯಾರ ತೋರಿಸಿದಳು. ಹುಡುಗಿಯರು ಬಲೂನು ಎತ್ತಿದರು.

"ಅಗೋ, ಅವಳೇ ವಿಲೈ," ಚರೂನ್ ಮರದ ಕಡೆ ಗಲ್ಲ ಎತ್ತಿ ತೋರಿಸಿ, ಸೀಟಿನ ಮೇಲೆ ಪೂರ್ತಿ ತಿರುಗಿ ಕೂತ. "ಅವಳ ವಿಷ್ಯ ಇನ್ನೂ ಅರ್ಧವೂ ಹೇಳಿಲ್ಲ ನಿಂಗೆ. ಒಂದ್ಸಲ ಏನಾಯ್ತಪ್ಪ ಅಂದ್ರೆ, ಈ ಹುಡುಗನ ಗಂಟಲು ಕಟ್ಟಿತ್ತಂತೆ, ಆಗ ಇವಳು ತಲೆ ಮೇಲೆ ಕಾವಲಿ ಹೊತ್ಕೊಂಡು ಚಾವೋ ಫ್ರಯಾ ನದೀನ ಈಜಿ ದಾಟಿ, ಕಾವಲೀಲಿ ಕೆಂಡ ಹಂಗೇ ಇತ್ತು ನೋಡು, ಒಂದು ಮಾತು ಸುಳ್ಳಿದ್ರೆ ಮುಂದಿನ ಚಕ್ರ—"

ತನ್‌ವಾ ಇಳಿದುಬಿಟ್ಟಿದ್ದ.

ನಿಪಾ ಅಕ್ಕ ಫೋನನ್ನು ಅವನ ಕಡೆಗೆ ತಿರುಗಿಸಿದಳು. ಅವನು ಬಲೂನುಗಳ ಮುಂದೆ ಹಾದು, ಫೋನು ಹಿಡಿದಿದ್ದ ಜಾಗ ದಾಟಿ, ಮರದ ಕಡೆಗೆ ನಡೆದ. ಹೋಗುತ್ತಾ ಮಾಸ್ಕನ್ನು ಒಂದು ಕಿವಿಯಿಂದ ಬಿಚ್ಚಿದ. ವಿಲೈ ತಲೆ ಎತ್ತಿದಳು. ಅವನು ಒದ್ದೆ ಬಟ್ಟೆಗಾಗಿ ಕೈ ಚಾಚಿದ.

ಕೊನೆಯ ಗಾಡಿಯ ಫ್ಲೆಕ್ಸಿನಿಂದ ನೀರು ಇನ್ನೂ ಇಳಿಯುತ್ತಿತ್ತು, ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ. ಕಿವಿಯ ಹತ್ತಿರ ಒಂಚೂರು ಧೂಳು ಹಾಗೇ ಇತ್ತು.