ಇಲ್ಲದ ಕ್ರೇನ್

ಉಳಿದವರೆಲ್ಲ ಮನೆಗೆ ಹೋಗಿ ಎಷ್ಟೋ ಹೊತ್ತಾಗಿತ್ತು. ಪಕ್ಕದ ಕೋಣೆಯಲ್ಲಿ ಸ್ಟೇಪ್ಲರ್ ಟಕ್ ಎಂದಿತು. ಅಷ್ಟು ಸಣ್ಣ ಸದ್ದಿಗೂ ಬೆಚ್ಚಿಬೀಳುವ ಹೆಣ್ಣು ಆಕೆ. ಗಡಿಯಾಚೆಯ ದೇಶದ ಮೇಲೆ ಕಣ್ಣಿಡುವ ಆ ಕಚೇರಿಯಲ್ಲಿ, ಆಕಾಶದಿಂದ ತೆಗೆದ ಚಿತ್ರಗಳನ್ನು ಇಂಚಿಂಚೂ ಬಿಡದೆ ನೋಡುವುದು ಆಕೆಯ ಕೆಲಸ. ಅಕ್ಕಿಗಿಂತ ಕಲ್ಲನ್ನೇ ಹೆಚ್ಚು ಹುಡುಕುತ್ತಾಳೆಂದು ಜೊತೆಯವರು ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು.

ಎದ್ದು ಹೋಗಿ ನೋಡಿದಳು. ಮುಖ್ಯಸ್ಥರು ಮೂರು ವರದಿಗಳನ್ನು ಒಂದು ಮಾಡುತ್ತಿದ್ದರು. ಒಂದು ತಮ್ಮದೇ ಕಚೇರಿಯದು, ಇನ್ನೊಂದು ಸೇನೆಯ ಬೇಹು ವಿಭಾಗದ್ದು, ಮತ್ತೊಂದು ಹೊರದೇಶಗಳಲ್ಲಿ ಗುಟ್ಟಾಗಿ ಆಳುಗಳನ್ನಿಟ್ಟ ಸಂಸ್ಥೆಯದು.

"ಬಾಮ್ಮ ಜರಡಿ, ಗಡಿಯಾಚೆಯ ಆ ನಿನ್ನ ಗೊಬ್ಬರದ ಕಾರ್ಖಾನೆಗೆ ಯೋಗ ಕೂಡಿಬಂತು. ಅಲ್ಲಿ ಗೊಬ್ಬರ ಮಾಡ್ತಿಲ್ಲ, ಕ್ಷಿಪಣಿಗೆ ಇಂಧನ ಮಾಡ್ತಿದಾರೆ ಅಂತ ಮೂರೂ ಕಡೆಯವರು ಹೇಳ್ತಿದಾರೆ. ನಾಳೆ ಸಭೆಯಲ್ಲಿ ಸಹಿ ಬಿದ್ರೆ ಸಾಕು, ಆಮೇಲೆ ಬಾಂಬಿನವರ ಕೆಲಸ."

"ಸರ್, ನಾನು ಬರೆದಿದ್ದು ಬರೀ ಊಹೆ."

"ಅದಕ್ಕೇ ಅಲ್ವಾ ಇನ್ನಿಬ್ಬರನ್ನ ಕೇಳಿದ್ದು?"

ನಿಂತಲ್ಲೇ ಓದಿದಳು. ದಕ್ಷಿಣದ ಗೇಟಿನ ಬಳಿ ಹಳದಿ ಕ್ರೇನೊಂದು ಮುರಿದು ಬಿದ್ದಿದೆ ಎಂದಿತ್ತು ಸೇನೆಯ ವರದಿ. ಅದೇ ಕ್ರೇನನ್ನು ತಮ್ಮ ಆಳು ಕಣ್ಣಾರೆ ಕಂಡಿದ್ದಾನೆ ಎಂದಿತ್ತು ಇನ್ನೊಂದು.

ಹೆದರಿ ಆ ಸಾಲನ್ನು ಮತ್ತೆ ಓದಿದಳು. ಅಲ್ಲಿ ಕ್ರೇನ್ ಇರಲೇ ಇಲ್ಲ. ಹೋದ ವರ್ಷ ಮಬ್ಬು ಚಿತ್ರವೊಂದರಲ್ಲಿ ಚಿಮಣಿಯ ನೆರಳು ಹಳದಿ ಮಣ್ಣಿನ ಗುಡ್ಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅದನ್ನೇ ಮುರಿದ ಕ್ರೇನ್ ಎಂದುಕೊಂಡು, ಇಂಧನದ ಊಹೆಯ ಜೊತೆಗೇ ಬರೆದಿದ್ದಳು. ತಿಂಗಳೊಳಗೆ ತಪ್ಪು ತಿಳಿದು ತಿದ್ದಿಯೂ ಇದ್ದಳು. ಆದರೆ ತಪ್ಪೊಪ್ಪಿಕೊಂಡ ಕಾಗದವನ್ನು ಯಾವ ಕಚೇರಿ ತಾನೇ ಪಕ್ಕದ ಕಚೇರಿಗೆ ಕಳಿಸುತ್ತದೆ? ತಪ್ಪಿದ್ದ ಮೊದಲ ಕಾಗದ ಮಾತ್ರ ಹೋಗಿತ್ತು. ಅದೂ ಎಲ್ಲಿಂದ ಬಂತೆಂಬ ಸಾಲನ್ನು ಕತ್ತರಿಸಿ. ಯಾರ ಆಳೂ ಸಿಕ್ಕಿಬೀಳಬಾರದೆಂದು ಈ ಕಚೇರಿಗಳು ಸುದ್ದಿ ಹಂಚಿಕೊಳ್ಳುವ ರೀತಿಯೇ ಹಾಗೆ. ಅವಳ ಮಾತು ಎರಡು ಮನೆ ಸುತ್ತಿ, ಬೇರೆ ಬೇರೆ ಅಂಗಿ ತೊಟ್ಟು, ಅವಳಿಗೇ ಸಾಕ್ಷಿ ಹೇಳಲು ಬಂದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ!

ಹೆದರಿಕೆ ಸರಿದು ಸಿಟ್ಟು ನೆತ್ತಿಗೇರಿತು. ಆ ಗೇಟಿನ ಸಂಜೆಯ ಚಿತ್ರಗಳನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಪಾಳಿ ಮುಗಿಸಿದವರು ಬಸ್ಸಿಗೆ ಸಾಲು ನಿಲ್ಲುತ್ತಿದ್ದರು, ಎಳ್ಳು ಚೆಲ್ಲಿದ ಹಾಗೆ. ಸಾಲಿನ ಕೊನೆಗೆ ಯಾವಾಗಲೂ ಒಂದು ಕೆಂಪು ಚುಕ್ಕೆ. ಛತ್ರಿ. ಬಿಸಿಲಿಗೆ ಹೆದರುವವಳು ಯಾರೋ. ಅವಳ ತಲೆಯ ಮೇಲೆ ನಾಳೆ ಇವರು ಸಹಿ ಹಾಕುತ್ತಾರೆ.

ಬೆಳಿಗ್ಗೆ ಸಭೆಗೆ ಕರೆಯದಿದ್ದರೂ ಹೋಗಿ ಕುಳಿತಳು. ಸೇನೆಯ ಕಡೆಯಿಂದ ಬಂದವರಿಗೆ ದಪ್ಪ ಮೀಸೆ. ಹೊರದೇಶಗಳಲ್ಲಿ ಆಳುಗಳನ್ನಿಟ್ಟ ಸಂಸ್ಥೆಯವರದು ತೆಳು ಕನ್ನಡಕ, ಅದಕ್ಕಿಂತ ತೆಳು ನಗೆ. ಮುಖ್ಯಸ್ಥರು ಪೆನ್ನು ತೆಗೆಯುತ್ತಿದ್ದಂತೆ ಅವಳು ಮೆತ್ತಗೆ ಕೇಳಿದಳು.

"ಸರ್, ಆ ಮುರಿದ ಕ್ರೇನ್ ಇನ್ನೂ ಅಲ್ಲೇ ಇದೆಯಾ?"

"ಇನ್ನೆಲ್ಲಿಗೆ ಹೋಗುತ್ತೆ ಮೇಡಂ? ತುಕ್ಕು ಹಿಡೀತಾ ಬಿದ್ದಿದೆ," ಎಂದಿತು ಮೀಸೆ.

"ನಿಮ್ಮ ಆಳು ಹತ್ತಿರದಿಂದ ನೋಡಿದ್ನಾ?"

ಕನ್ನಡಕ ನಕ್ಕಿತು. "ನೋಡೋದೇನು, ಹೋದ ವಾರ ಅದಕ್ಕೆ ಒರಗಿ ನಿಂತು ಸಿಗರೇಟು ಸೇದಿ ಬಂದಿದಾನೆ."

"ನೆರಳಿಗೆ ಒರಗಿದ್ನಾ?"

ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಬೆಳಗಿನ ನೆರಳು, ಮಧ್ಯಾಹ್ನದ ನೆರಳು, ಸಂಜೆಯ ನೆರಳು. ಕ್ರೇನ್ ಮಾತ್ರ ಎಲ್ಲೂ ಇರಲಿಲ್ಲ.

"ಅದು ನನ್ನ ತಪ್ಪು ಸರ್, ನನ್ನದೇ ಹಳೇ ತಪ್ಪು. ನೀವು ಅದಕ್ಕೆ ತುಕ್ಕು ಹಿಡಿಸಿದ್ರಿ. ಇವರು ಅದರ ಪಕ್ಕ ಒಬ್ಬ ಮನುಷ್ಯನ್ನೇ ತಂದು ನಿಲ್ಲಿಸಿದ್ರು. ಕ್ರೇನೇ ಸುಳ್ಳು ಅಂದ್ಮೇಲೆ ಇಂಧನ ಎಲ್ಲಿಂದ ಬಂತು? ಗೊತ್ತಿಲ್ಲ ಅನ್ನೋಕೆ ನಾಲಿಗೆ ಹೊರಳಲ್ವಾ ನಿಮಗೆ? ಅಲ್ಲಿ ದಿನಾ ಜನ ಬಸ್ಸಿಗೆ ಕಾಯ್ತಾರೆ, ಜನ!"

ತನ್ನ ದನಿ ಅಷ್ಟು ಏರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. ಮೀಸೆ ಗೋಡೆ ನೋಡಿತು. ಕನ್ನಡಕ ಕಣ್ಣಿಂದಿಳಿದು ಕರ್ಚೀಫಿನೊಳಗೆ ಸೇರಿತು.

"ನೀನು ಸ್ವಲ್ಪ ಹೊರಗಿರಮ್ಮ," ಎಂದರು ಮುಖ್ಯಸ್ಥರು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಒಳಗಿನಿಂದ ನಗು ಕೇಳಿಸುತ್ತಿತ್ತು. ಆಗಲೇ ನಗು! ಮುಖ್ಯಸ್ಥರು ಅವಳನ್ನು ಕಿಟಕಿಯ ಬಳಿಗೆ ಕರೆದೊಯ್ದರು.

"ವರದಿ ಮೇಲೆ ಹೋಗಲ್ಲ. ಇನ್ನೂ ಅಧ್ಯಯನ ಬೇಕು ಅಂತ ಬರೆದು ಮುಚ್ಚಿದ್ವಿ. ಆದರೆ ಕೇಳಿಲ್ಲಿ. ಈ ಕ್ರೇನ್ ಕತೆ ಹೊರಗೆ ಬಿದ್ರೆ ಅವರಿಬ್ಬರ ಮಾನ ಹೋಗುತ್ತೆ. ಮಾನ ಉಳಿಸ್ಕೊಳ್ಳೋಕೆ ಇನ್ನೂ ಹತ್ತು ಸಾಕ್ಷಿ ಹುಟ್ಟಿಸ್ತಾರೆ. ಆಗ ಫೈಲ್ ಮತ್ತೆ ತೆರೀಬೇಕಾಗುತ್ತೆ."

"ಅಂದರೆ ನಾನು ಬಾಯಿ ಬಿಟ್ಟರೆ ಆ ಜನ ಸಾಯ್ತಾರೆ."

"ನಾನು ಹಾಗಂದ್ನಾ? ಅಂದಹಾಗೆ, ಸೋಮವಾರದಿಂದ ನೀನು ಹಳೇ ಚಿತ್ರಗಳ ಕೋಣೆಯಲ್ಲಿರು. ಅಲ್ಲಿ ಧೂಳು ಜಾಸ್ತಿ, ಜಗಳ ಕಮ್ಮಿ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಸುಳ್ಳು ಹೇಳಿದವರು ತಮ್ಮ ಕುರ್ಚಿಗಳಿಗೆ ಮರಳಿದರು, ಇವಳು ನೆಲಮಾಳಿಗೆಯ ಆ ಧೂಳಿನ ಕೋಣೆಗೆ. ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳತಿಯ ನಂಬರು ಫೋನಿನಲ್ಲಿತ್ತು. ಮನೆಗೆ ಬರುವ ದಾರಿಯಲ್ಲಿ ಅದನ್ನು ಮೂರು ಸಲ ತೆಗೆದು ನೋಡಿದಳು.

ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಎಂದವು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಯಾರ ಮೇಲಿನ ಸಿಟ್ಟೇ ಅದು? ಆ ಪಾತ್ರೆ ನಿನಗೇನು ಮಾಡಿತ್ತು?"

"ಏನಿಲ್ಲ ಅತ್ತೆ."

"ಏನಿಲ್ಲದಕ್ಕೇ ಇಷ್ಟು ಸದ್ದಾದ್ರೆ, ಏನಾದ್ರೂ ಇದ್ದಿದ್ರೆ ಮನೆ ಉಳೀತಿತ್ತಾ? ಹೇಳಮ್ಮ, ಹೊಟ್ಟೇಲಿ ಇಟ್ಕೋಬೇಡ."

ಅತ್ತೆ ಕೇಳಿದ ರೀತಿ ಹಾಗಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಗಡಿಯಾಚೆ ಈಗ ಪಾಳಿ ಬಿಡುವ ಹೊತ್ತು. ಸಾಲಿನ ಕೊನೆಯವಳು ಛತ್ರಿ ಬಿಡಿಸುತ್ತಿರಬಹುದು. ಯಾವ ಧೂಳಿನ ಕೋಣೆಯಲ್ಲಿ ಯಾರು ತನಗಾಗಿ ಹಲ್ಲು ಕಚ್ಚಿ ಕೂತಿದ್ದಾರೆಂದು ಅವಳಿಗೆ ಎಂದೂ ತಿಳಿಯುವುದಿಲ್ಲ.

"ಆಫೀಸಲ್ಲಿ ಕೋಣೆ ಬದಲಾಯಿಸಿದ್ರು ಅತ್ತೆ, ಅಷ್ಟೇ," ಎಂದು ನಲ್ಲಿ ತಿರುಗಿಸಿದಳು.

ಫೋನು ತೆಗೆದು ಗೆಳತಿಯ ನಂಬರನ್ನು ಅಳಿಸಿದಳು. ಅತ್ತೆಗಿಲ್ಲ, ಗಂಡನಿಗಿಲ್ಲ, ಯಾರಿಗೂ ಇಲ್ಲ. ಸಿಟ್ಟು ಮಾತ್ರ ಆರಲಿಲ್ಲ. ಅದನ್ನು ಆರಿಸಲು ಅವಳು ಹೋಗಲೂ ಇಲ್ಲ.