ಎಲೆ ಹಾಕದವನ ತುಟಿ

ಕನ್ನಡಿಯಲ್ಲಿ ಏನೋ ಕೆಂಪು ಆಡಿತು, ಮೂರನೆಯ ಸೀಟಿನ ಮುದುಕಿಯ ಬಾಯಿ ಅದು, ಎಲೆಯಡಿಕೆ ಜಗಿಯುತ್ತಿದ್ದಾಳೆ, ಇನ್ನೇನು ಹೊರಗೆ ಉಗುಳುತ್ತಾಳೆ, ಗಾಳಿಗೆ ಅದು ಹಿಂದಿನವರ ಮುಖಕ್ಕೇ ಬೀಳುತ್ತದೆ, ಯವ್ವಾ ಒಂಚೂರು ತಡೀ ಅನ್ನಬೇಕು, ಅನ್ನಲಿಲ್ಲ, ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿದೆ, ಈಗ ಅದರಲ್ಲಿ ಬಸ್ಸಿನ ಚಾವಣಿ, ಚಾವಣಿಯ ತೇಪೆ, ಅಷ್ಟೇ — ಕೆಂಪು ಇಲ್ಲ. ಎಂಜಿನ್ನು ಒಂದು ಸಲ ಮುಗ್ಗರಿಸಿ ಮತ್ತೆ ಹಿಡಿದುಕೊಂಡಿತು, ಗ್ಯಾಸಿನ ಉರುಳೆಯ ಇದ್ದಲಿ ಹಸಿ ಇರಬೇಕು, ಎಲ್ಲಿಯ ಹಸಿ, ನಾನೇ ಕೈಯಾರೆ ಆರಿಸಿದ ಮತ್ತಿ ಮರದ ಇದ್ದಲಿ, ಬೆರಳಿನಿಂದ ತಟ್ಟಿದರೆ ಖಣ್ ಅನ್ನುವಂಥದ್ದು, ತಪ್ಪು ಇದ್ದಲಿಯದಲ್ಲ, ನನ್ನ ಕಾಲೇ ಪೆಡಲನ್ನು ಬಿಟ್ಟು ಬಿಟ್ಟು ಒತ್ತುತ್ತಿದೆ, ಯಾಕೆಂದರೆ ಪಕ್ಕದ ಸೀಟಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಧರ್ಮಿಬಾಯಿ ಕೂತಿದ್ದಾಳೆ, ರೂಪ್ಲಪ್ಪನ ಹೆಂಡತಿ, ಹೆಂಡತಿ ಏನು ಬಂತು, ಮೂರು ತಿಂಗಳಿಂದ ವಿಧವೆ. ಮೊಳಕೈ ಮೇಲಿನ ಬಿಳಿ ಬಳೆಗಳನ್ನೆಲ್ಲ ಲಂಬಾಣಿ ತಾಂಡಾದವರು ತೆಗೆಸಿದ್ದಾರೆ, ಮದುವೆಯಾದಾಗಿನಿಂದ ಬಿಸಿಲು ಕಾಣದ ಚರ್ಮ, ಅಲ್ಲಿ ಮಾತ್ರ ತೋಳು ಬೆಳ್ಳಗಿದೆ, ನೋಡಬಾರದು, ರಸ್ತೆ ನೋಡಬೇಕು ಜುಜೆ, ರಸ್ತೆ ನೋಡು. ಮುಂಡಗೋಡದಿಂದ ನಿನ್ನೆ ಬಂದಳಂತೆ, ಹಳಿಯಾಳದಲ್ಲಿ ಯಾರದೋ ಜಗುಲಿಯ ಮೇಲೆ ಮಲಗಿ ಬೆಳಿಗ್ಗೆ ಬಸ್ಸಿನ ಬಾಗಿಲಿಗೆ ಬಂದು ನಿಂತಳು, ಅಣ್ಣಾ, ಜೋಯಿಡಾಕ್ಕ ಹೋಗೂದೈತಿ ಅಂದಳು, ಅಲ್ಲಿ ನಿನಗ ಯಾರದಾರ ತಂಗಿ ಅಂದೆ, ಒಂದ ಕೆಲಸ ಐತಿ, ದಾರ್ಯಾಗ ಹೇಳ್ತೇನಿ ಅಂದಳು. ಇನ್ನೂ ಹೇಳಿಲ್ಲ.

ಎರಡು ಬಸ್ಸಿದ್ದವು ಆಗ, ಸಾವ್ಕಾರ ಕರಿಬಸಪ್ಪನವರವು, ಎರಡೂ ಒಂದೇ ವರ್ಷ ಬಂದವು, ಒಂದೇ ಅಚ್ಚಿನ ಗಾಡಿಗಳು, ಹಳಿಯಾಳದಿಂದ ದಾಂಡೇಲಿ, ದಾಂಡೇಲಿಯಿಂದ ಸೂಪಾ, ಜೋಯಿಡಾ, ಮಧ್ಯಾಹ್ನ ಅಲ್ಲಿ ಊಟ, ಸಂಜೆಯೊಳಗೆ ವಾಪಸ್ಸು, ಒಂದಕ್ಕೆ ನಾನು, ಇನ್ನೊಂದಕ್ಕೆ ರೂಪ್ಲಪ್ಪ. ಶೆಡ್ಡಿನ ಗೋಡೆಗೆ ಸಾವ್ಕಾರರು ಡಾಂಬರು ಬಳಿಸಿ ಎರಡು ಹೆಸರು ಬರೆಸಿದ್ದರು, ಯಾರು ಮೊದಲು ಬಂದರು, ಯಾರ ಗಾಡಿ ಎಲ್ಲಿ ಕೆಟ್ಟು ನಿಂತಿತು, ದಿನಾ ಸಂಜೆ ಗೆದ್ದವನ ಹೆಸರಿನ ಕೆಳಗೆ ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ, ಗಾಡಿ ಒಂದ, ರಸ್ತಾ ಒಂದ, ಹೆಚ್ಚು ಕಡಿಮಿ ಇರೂದು ಡ್ರಾಯವರನಾಗ ನೋಡಪಾ ಅನ್ನುತ್ತಿದ್ದರು, ಅಂದು ನಗುತ್ತಿದ್ದರು, ಅವರಿಗೆ ಅದು ಕೋಳಿ ಕಾಳಗ. ರೂಪ್ಲಪ್ಪ ಸೂಪಾದ ಏರನ್ನು ಹಾಡು ಹೇಳುತ್ತಾ ಹತ್ತಿಸುತ್ತಿದ್ದ, ಅವರ ತಾಂಡಾದ ಯಾವುದೋ ಹಾಡು, ನನಗೆ ಒಂದು ಶಬ್ದವೂ ತಿಳಿಯದ್ದು, ನಾನು ಅದೇ ಏರಿನಲ್ಲಿ ಗೇರು ಬದಲಿಸಿ ಬದಲಿಸಿ ಬೆವರುತ್ತಿದ್ದೆ. ಅವನದು ಒಳ್ಳೆಯ ಎಂಜಿನ್ನು ಬಿಡ್ರಿ ಅಂತ ನಾನೇ ಊರೆಲ್ಲ ಹೇಳಿಕೊಂಡು ಬಂದೆ, ಕೊನೆಗೆ ಸಾವ್ಕಾರರು ಹಂಗಾರ ಒಂದ ತಿಂಗಳ ಗಾಡಿ ಅದಲ ಬದಲ ಮಾಡ್ಕೊರಿ ಅಂದರು, ಮಾಡಿಕೊಂಡೆವು, ಅವನು ನನ್ನ ಗಾಡಿಯಲ್ಲೂ ಮೊದಲೇ ಬಂದ, ನಾನು ಅವನ ಗಾಡಿಯಲ್ಲೂ ಹಿಂದೇ ಬಿದ್ದೆ, ಗೋಡೆಯ ಮೇಲಿನ ಗೆರೆಗಳು ಒಂದೂ ಆಚೀಚೆ ಆಗಲಿಲ್ಲ. ಆ ತಿಂಗಳು ಯಾಕಾದರೂ ಬಂತೋ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ನನಗಂತೂ ಸಾವ್ಕಾರರು ಕನ್ನಡಿ ತಂದು ತೋರಿಸಿದರು. ಅವನು ಮಾತ್ರ ಹೆಗಲ ಮೇಲೆ ಕೈ ಹಾಕಿ ರೊಟ್ಟಿ ಅರ್ಧ ಮುರಿದು ಕೊಟ್ಟ, ತಿನ್ನೋ ಜುಜ್ಯಾ, ಗ್ವಾಡಿ ಏನ ಹೊಟ್ಟಿ ತುಂಬಸ್ತೈತಿ ಅಂದ. ಒಮ್ಮೆ ದಾಂಡೇಲಿಯ ನಾಟಾ ಡಿಪೋದ ಮುಂದೆ ನನ್ನ ಟೈರು ಹೋದಾಗ ತನ್ನ ಬಸ್ಸು ನಿಲ್ಲಿಸಿ, ಪ್ಯಾಸೆಂಜರರು ಬೈಯುತ್ತಿದ್ದರೂ ಕೆಳಗಿಳಿದು, ನನ್ನ ಜೊತೆ ಚಕ್ರ ಬಿಚ್ಚಿದವನು ಅವನು. ಆ ದಿನದ ಗೆರೆ ಅವನಿಗೆ ಬೀಳಲಿಲ್ಲ.

ಆಮೇಲೆ ಯುದ್ಧ ಬಂತು, ಯುದ್ಧ ಎಲ್ಲೋ, ನಮ್ಮ ಬಸ್ಸು ಎಲ್ಲೋ, ಆದರೂ ಪೆಟ್ರೋಲು ನಿಂತಿತು, ಇನ್ನು ಮೇಲೆ ಇದ್ದಲಿ ಗ್ಯಾಸಿನ ಮೇಲೆ ಓಡಿಸಬೇಕು ಅಂತ ಸರಕಾರದ ಹುಕುಂ, ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಉರುಳೆ ಕೂಡಿಸಿದರು, ಅದಕ್ಕೆ ಇದ್ದಲಿ ತುಂಬಿ ಬೆಂಕಿ ಹಚ್ಚಿ ಫ್ಯಾನು ತಿರುಗಿಸಿ ಅರ್ಧ ತಾಸು ಕಾಯ್ದರೆ ಗ್ಯಾಸು ಎಂಜಿನ್ನಿಗೆ ಬರುತ್ತದೆ. ರೂಪ್ಲಪ್ಪನಿಗೆ ಇದು ಹಿಡಿಸಲಿಲ್ಲ, ಸಿಕ್ಕಿದ ಇದ್ದಲಿ ತುಂಬಿದ, ಬಿದಿರಿನದ್ದು, ಮಣ್ಣು ಬೆರೆತದ್ದು, ಸೂಪಾದ ಏರಿನಲ್ಲಿ ಪ್ಯಾಸೆಂಜರರನ್ನು ಇಳಿಸಿ ದೂಡಿಸಿದ, ಹಾಡು ನಿಂತಿತು. ನನ್ನಪ್ಪ ಮಾನ್ವೆಲ್ ಹುಟ್ಟಾ ಇದ್ದಲಿ ಸುಡುವವನು, ಅಣಶಿಯ ಕಡೆಯ ಕಾಡಿನಲ್ಲಿ ಭಟ್ಟಿ ಹಾಕುತ್ತಿದ್ದ, ನಾನು ನಡೆಯಲು ಕಲಿತದ್ದೇ ಇದ್ದಲಿ ರಾಶಿಯ ಸುತ್ತ, ಯಾವ ಮರದ್ದು ಎಷ್ಟು ಹೊತ್ತು ತಾಳುತ್ತದೆ, ಬೆಂಕಿಗೆ ಎಷ್ಟು ಗಾಳಿ ಬೇಕು, ಎಷ್ಟು ಸಾಕು, ಅದನ್ನೆಲ್ಲ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗೋಡೆಯ ಮೇಲೆ ನನ್ನ ಗೆರೆಗಳು ಬೆಳೆದವು, ಜುಜೆ ಈಗ ಖರೇ ಡ್ರಾಯವರ ಆದ ನೋಡ್ರಿ ಅಂದರು ಸಾವ್ಕಾರರು, ನಾನು ಎದೆ ಉಬ್ಬಿಸಿದೆ, ಬದಲಾದದ್ದು ಕಾನೂನು, ನಾನಲ್ಲ, ಅದು ಗೊತ್ತಿದ್ದೂ ಉಬ್ಬಿಸಿದೆ. ಆಷಾಢದಲ್ಲಿ ಇನ್ನೊಂದು ಹುಕುಂ ಬಂತು, ಟೈರು ಸಿಗುವುದಿಲ್ಲ, ದಸರೆಯ ಮೇಲೆ ಈ ರಸ್ತೆಗೆ ಒಂದೇ ಬಸ್ಸಿನ ಪರವಾನಗಿ. ಒಂದು ಬಸ್ಸು ಅಂದರೆ ಒಬ್ಬ ಡ್ರೈವರು. ಗೋಡಿ ನೋಡಿ ಹೇಳ್ತೇನ್ರಪಾ ಅಂದರು ಸಾವ್ಕಾರರು.

ಅವತ್ತು ರೂಪ್ಲಪ್ಪ ನನ್ನ ಹತ್ತಿರ ಬಂದ, ಇದೇ ದಾಂಡೇಲಿಯಲ್ಲಿ, ಇದೋ ಈ ಆಲದ ಮರದ ಕೆಳಗೆ, ಬಂತು ದಾಂಡೇಲಿ, ಬ್ರೇಕು, ಇಳಿಯುವವರು ಇಳಿಯಿರಿ, ಮುದುಕಿಯೂ ಇಳಿದಳು, ಕೆಂಪು ಬಾಯಿ ಹೋಯಿತು, ಒಳ್ಳೆಯದಾಯಿತು — ಜುಜ್ಯಾ, ಜೋಯಿಡಾದಾಗ ಊಟಾ ಮಾಡಿ ಏಳೂದ್ರಾಗ ನೀ ಹೊಂಟಬಿಡ್ತಿ, ನನ್ನ ಬೆಂಕಿ ಹತ್ತೂದ ಇಲ್ಲ, ಹೆಂಗ ಮಾಡ್ತಿಯೋ ಅಂದ, ನಗುತ್ತಲೇ ಅಂದ, ಆದರೆ ಕಣ್ಣಿನಲ್ಲಿ ನಗು ಇರಲಿಲ್ಲ, ಮನೆಯಲ್ಲಿ ಐದು ಬಾಯಿಗಳಿದ್ದವು. ನಾನು ಹೇಳಿದೆ. ಬೆಂಕಿ ಆರಿಸಬ್ಯಾಡ, ಕೆಳಗಿನ ಬಾಗಲಾ ಒಂದ ಬೆರಳ ತೆರದಿಡು, ಮ್ಯಾಲ ಬೂದಿ ಮುಚ್ಚು, ತಾಸಗಟ್ಟಲೆ ಜೀವಾ ಹಿಡಕೊಂಡಿರತೈತಿ, ನಾ ಹಂಗ ಮಾಡ್ತೇನಿ ಅಂದೆ. ಇಷ್ಟನಾ ಅಂದ. ಇಷ್ಟ ಅಂದೆ. ಇಷ್ಟೇ ಆಗಿರಲಿಲ್ಲ. ಮುಚ್ಚಿದ ಬೆಂಕಿಯ ಹತ್ತಿರ ಮಲಗಬಾರದು, ಸುತ್ತ ಮುಚ್ಚಿಕೊಂಡು ಕೂರಲೂಬಾರದು, ಕಣ್ಣಿಗೆ ಕಾಣದ, ಮೂಗಿಗೆ ಬಾರದ ಒಂದು ಹೊಗೆ ಇರುತ್ತದೆ, ಭಟ್ಟಿಯವರ ಮನೆಯ ಕೂಸಿಗೂ ಗೊತ್ತಿರುವ ಮಾತು, ನಾಲಿಗೆಯ ತುದಿಗೆ ಬಂದಿತ್ತು ಅದು, ಬಂದಿತ್ತು, ನಾನು ನುಂಗಿದೆ. ಯಾಕೆ ನುಂಗಿದೆ. ಅವನು ಗ್ಯಾಸಿನಲ್ಲಿ ಒಂದಿಷ್ಟು ಕೂರಲಿ, ತಲೆ ನೋಯಲಿ, ಮಧ್ಯಾಹ್ನದ ಪಾಳಿಯಲ್ಲಿ ನಿಧಾನವಾಗಲಿ, ಒಂದೆರಡು ಗೆರೆ ನನಗೆ ಬೀಳಲಿ ಅಂದುಕೊಂಡೆ. ತಲೆನೋವು. ಯೇಸುವಿನ ಆಣೆ, ತಲೆನೋವಿನ ಆಚೆಗೆ ನಾನು ಏನೂ ಬಯಸಲಿಲ್ಲ.

ಅಣ್ಣಾ ಅಂದಳು ಧರ್ಮಿಬಾಯಿ, ದಾಂಡೇಲಿ ದಾಟಿತ್ತು, ಎರಡೂ ಕಡೆ ಬಿದಿರು ಬಾಗಿತ್ತು, ಏನ ತಂಗಿ ಅಂದೆ, ಅವರ ಹೆಣಾ ತಂದಾಗ ನೀನೂ ಬಂದಿದ್ದೆಲ್ಲ, ಅವರ ತುಟಿ ನೋಡಿದೇನು ಅಂದಳು. ಹಾರ್ನು ಒತ್ತಿದೆ, ರಸ್ತೆಯಲ್ಲಿ ಯಾರೂ ಇರಲಿಲ್ಲ. ಕೆಂಪಗಿದ್ದುವು ಅಂದಳು, ಅವರು ಒಂದ ದಿನಾನೂ ಎಲಿ ಹಾಕಿದವರಲ್ಲ, ಲಗ್ನದಾಗ ಸೈತ ಹಾಕಲಿಲ್ಲ, ನಾನು ಮಡಿಚಿ ಬಾಯಿಗೆ ಕೊಟ್ಟರೂ ಒಲ್ಲೆ ಅಂದರು, ಅಂಥವರ ತುಟಿ ಹೆಂಗ ಕೆಂಪಾದುವು ಹೇಳು, ತಾಂಡಾದಾಗ ಎಲ್ಲಾರೂ ನೋಡ್ಯಾರ, ನಮ್ಮ ಅತ್ತಿ ನಾನಿಬಾಯಿ ಅಂತಾಳ, ಅಲ್ಲೆ ಜೋಯಿಡಾದಾಗ ಯಾರೋ ಒಬ್ಬಾಕಿ ಇದ್ದಾಳ, ಆಕಿ ಮಡಿಚಿ ಕೊಟ್ಟ ಎಲಿ ಅದು, ಆಕಿ ಮುಂದ ಜೀವಾ ಬಿಟ್ಟಾನ ಅಂತಾಳ. ಗೇರು ಬದಲಿಸಿದೆ. ಹನ್ನೆರಡು ವರ್ಷ ಬಾಳೇವು ಮಾಡೇನಿ ಅಣ್ಣಾ, ಅಳಾಕೂ ಬರವೊಲ್ದು, ಅಳಾಕ ಕುಂತರ ಆ ತುಟಿ ಕಾಣ್ತಾವು, ಆಕಿ ಯಾರಂತ ಒಮ್ಮೆ ನೋಡಬೇಕು, ನೀ ದಿನಾ ಅವರ ಜೋಡಿ ಇದ್ದಾಂವ, ನಿನಗ ಗೊತ್ತಿರತೈತಿ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿ ನನ್ನ ಬಾಯಿಗೆ ಹೋಗಿ ತುಟಿ ಒರೆಸಿಕೊಂಡಿತು. ಭಟ್ಟಿಯ ಕಾಣದ ಹೊಗೆ ಹಿಡಿದು ಸತ್ತವನ ತುಟಿ ಕೆಂಪಾಗುತ್ತದೆ ಅಂತ ಹೇಳುತ್ತಿದ್ದ ಅಪ್ಪ, ನಮ್ಮ ಕಾಕಾನದ್ದೂ ಹಾಗೇ ಆಗಿತ್ತಂತೆ, ತಂಗಿ ಅದು ಎಲೆಯ ಕೆಂಪಲ್ಲ, ಗ್ಯಾಸಿನ ಕೆಂಪು, ಇಷ್ಟು ಸಾಕು, ಒಂದೇ ಉಸಿರಿನ ಮಾತು, ಇವಳ ಗಂಡ ಇವಳಿಗೆ ಮರಳಿ ಸಿಗುತ್ತಾನೆ, ಕೂತು ಅಳುತ್ತಾಳೆ, ಅಳಲಿ. ಆದರೆ ಅದು ನಿನಗ ಹೆಂಗ ಗೊತ್ತು ಅಣ್ಣಾ ಅನ್ನುತ್ತಾಳೆ, ನಮಗೆಲ್ಲ ಗೊತ್ತಿರುವುದೇ ಅನ್ನಬೇಕು, ಹಂಗಾರ ಅವರಿಗೆ ಯಾಕ ಹೇಳಲಿಲ್ಲ ಅನ್ನುತ್ತಾಳೆ. ಹಳಿಯಾಳದ ಕಂಪೌಂಡರು ಹೆಣ ನೋಡಿ ಎದಿ ನಿಂತೈತಿ ಅಂದಿದ್ದ, ಆ ಮಾತಿನ ನೆರಳಿನಲ್ಲಿ ಮೂರು ತಿಂಗಳು ಕೂತಿದ್ದೇನೆ.

ಏರು ಬಂತು, ಎರಡನೆಯ ಗೇರು, ಗ್ಯಾಸು ಸರಿಯಾಗಿ ಎಳೆಯುತ್ತಿದೆ, ಇಲ್ಲೇ ಅವನು ಹಾಡುತ್ತಿದ್ದದ್ದು — ಆ ಮಧ್ಯಾಹ್ನವೂ ಹಾಡುತ್ತಿದ್ದ, ನಾನು ಹೇಳಿಕೊಟ್ಟ ನಾಲ್ಕು ದಿನಕ್ಕೆ, ಶ್ರಾವಣದ ಮಳೆ, ಜೋಯಿಡಾದಲ್ಲಿ ಒಂದು ನಾಯಿಯೂ ಹೊರಗಿರಲಿಲ್ಲ, ಅವನ ಬೆಂಕಿ ಆರದೆ ನಿಂತಿತ್ತು, ಖುಷಿಯಾಗಿದ್ದ, ಚಳಿಗೆ ಬಸ್ಸಿನ ಸುತ್ತ ತಾಡಪತ್ರಿ ಇಳಿಬಿಟ್ಟು ಹಿಂದಿನ ಸೀಟಿನಲ್ಲಿ ಉರುಳೆಯ ಕಾವಿಗೆ ಬೆನ್ನು ಕೊಟ್ಟು ಮಲಗಿ ಹಾಡುತ್ತಿದ್ದ, ನಾನು ತುಳಸಾಳ ಚಾದ ಅಂಗಡಿಯಲ್ಲಿ ಕೂತು ಕೇಳುತ್ತಿದ್ದೆ. ಹಾಡು ಅರ್ಧಕ್ಕೆ ನಿಂತಿತು. ಅಪ್ಪನ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು, ಭಟ್ಟಿ ಕಾಯುವವನು ಆಗಾಗ ಓ ಅಂತ ಕೂಗಬೇಕು, ಗುಡಿಸಲಿನವರು ತಿರುಗಿ ಓ ಅನ್ನಬೇಕು, ಕೂಗು ನಿಂತಿತೋ, ಉಣ್ಣುವ ತಾಟು ಬಿಟ್ಟು ಓಡಬೇಕು. ನಾನು ಚಾ ಕುಡಿದೆ. ಮಲಗಿದ, ಇವತ್ತು ನಾನೇ ಮೊದಲು ಹೊರಡುತ್ತೇನೆ ಅಂದುಕೊಂಡೆ, ಇನ್ನೊಂದು ಕಪ್ಪು ಹಾಕು ಅಂದೆ ತುಳಸಾಳಿಗೆ, ಅದನ್ನೂ ಕುಡಿದೆ, ನಿಧಾನಕ್ಕೆ. ತಾಡಪತ್ರಿ ಎತ್ತಿ ನೋಡಿದವಳು ಅವಳೇ, ಅವನ ರೊಟ್ಟಿಗೆ ಪಲ್ಯ ಕೊಡಲು ಹೋದವಳು, ಕೂಗಿದಳು, ನಾನು ಹೋದಾಗ ಅವನ ತಲೆ ಅವಳ ತೊಡೆಯ ಮೇಲಿತ್ತು, ಎಬ್ಬಿಸು ಎಬ್ಬಿಸು ಅಂತ ಅಳುತ್ತಿದ್ದಳು, ಕೂಗಿಗೆ ಓಡಿಬಂದು ಅದನ್ನು ನೋಡಿದವರು ಹತ್ತು ಜನ, ಹತ್ತು ಬಾಯಿ. ಮುಖ ಜೀವಂತವಾಗಿತ್ತು, ಈಗಷ್ಟೇ ಉಂಡು ಎಲೆ ಹಾಕಿಕೊಂಡು ಮಲಗಿದವನ ಹಾಗೆ, ತುಟಿ ಕೆಂಪು. ವಾರದ ಮೇಲೆ ಸಾವ್ಕಾರರು ಒದ್ದೆ ಅರಿವೆಯಿಂದ ಗೋಡೆಯ ಅವನ ಹೆಸರು ಒರೆಸಿದರು, ಇನ್ನ ನೋಡೂದೇನೈತಿ ಅಂದರು. ಸುಣ್ಣ ಪೂರ್ತಿ ಹೋಗಿಲ್ಲ.

ಜೋಯಿಡಾ. ನಿಲ್ಲಿಸಿದೆ. ಅದೇ ಜಾಗ, ಬೇರೆ ಕಡೆ ನಿಲ್ಲಿಸಬೇಕಿತ್ತು, ರೂಢಿ, ಕೈ ತಾನಾಗಿ ತಂದು ನಿಲ್ಲಿಸಿತು. ಧರ್ಮಿಬಾಯಿ ಇಳಿದಳು, ಗಂಟು ಕಂಕುಳಲ್ಲಿ, ನಿಂತು ಸುತ್ತ ನೋಡುತ್ತಾಳೆ, ಬಾವಿಯ ಹತ್ತಿರ ಇಬ್ಬರು ಹೆಂಗಸರು, ಅವರ ಮುಖ ನೋಡುತ್ತಿಲ್ಲ ಅವಳು, ಬಾಯಿ ನೋಡುತ್ತಿದ್ದಾಳೆ, ಈಗ ಅಂಗಡಿಯ ಕಡೆ ತಿರುಗಿದಳು, ಅಲ್ಲಿ ತುಳಸಾ, ಬಂದವರಿಗೆಲ್ಲ ಚಾಕ್ಕಿಂತ ಮೊದಲು ಎಲೆ ಕೊಡುವವಳು, ರೂಪ್ಲಪ್ಪನಿಗೂ ದಿನಾ ಕೊಡುತ್ತಿದ್ದಳು, ದಿನಾ ಅವನು ಒಲ್ಲೆವ್ವಾ ಅನ್ನುತ್ತಿದ್ದ, ಅದನ್ನು ಕೇಳಿದವನು ನಾನೊಬ್ಬನೇ, ಬಾರವ್ವಾ, ಯಾವೂರಾಕಿ ನೀ, ದಣದ ಬಂದಿ, ಎಲಿ ಹಾಕ್ಕೊ ಅಂದಳು ತುಳಸಾ, ಬಾಯಿ ತುಂಬ ಕೆಂಪು, ಮಡಿಚಿದ ಎಲೆ ಚಾಚಿದ ಕೈಯಲ್ಲಿ. ಧರ್ಮಿಬಾಯಿ ಅದನ್ನು ತೆಗೆದುಕೊಳ್ಳಲಿಲ್ಲ. ತಿರುಗಿ ನನ್ನನ್ನು ನೋಡಿದಳು, ಈಕಿನಾ ಅಂತ ಕಣ್ಣಿನಲ್ಲೇ ಕೇಳಿದಳು, ನೋಡುತ್ತಲೇ ಇದ್ದಾಳೆ, ಅಲ್ಲ ಅನ್ನು ಜುಜೆ, ಗ್ಯಾಸು ಅನ್ನು, ನಾನು ಅನ್ನು, ಏನೂ ಆಗದಿದ್ದರೆ ಓ ಅಂತಾದರೂ ಕೂಗು, ಕೂಗು ನಿಂತಿದೆ, ತಾಟು ಬಿಟ್ಟು ಓಡು, ಬಾಯಿ ತೆರೆದಿದೆ, ದನಿ ಇಲ್ಲ, ನನ್ನ ಸುಮ್ಮನಿರುವಿಕೆ ಅವಳ ಮುಖದಲ್ಲಿ ಉತ್ತರವಾಗಿ ಇಳಿಯುತ್ತಿದೆ, ಗಂಟು ಕೆಳಗಿಟ್ಟಳು, ತುಳಸಾಳ ಕಡೆ ಒಂದು ಹೆಜ್ಜೆ, ಇನ್ನೊಂದು — ಕನ್ನಡಿ, ಯಾರು ಇಳಿಸಿದರು ಇದನ್ನು, ಏರಿನ ಅದುರಿಗೆ ತಾನೇ ಇಳಿದಿರಬೇಕು, ಚಾವಣಿ ಇಲ್ಲ ಅದರಲ್ಲಿ, ಹಿಂದಿನ ಸೀಟು, ಖಾಲಿ ಸೀಟು, ಅಲ್ಲಿ ತುಟಿ, ಎಲೆ ಹಾಕದವನ ತುಟಿ, ಕೆಂಪು, ಅರ್ಧ ತೆರೆದದ್ದು, ಹಾಡು ನಿಂತಲ್ಲೇ ನಿಂತದ್ದು, ಕೆಂಪು